ಹೊರಡದವರಿಗೆ ಬರೆದ ದೃಶ್ಯ

ಮಾರ್ಚ್ ೧೪, ಶನಿವಾರ, ಮಧ್ಯಾಹ್ನ

ಪ್ರೀತಿಯ ಕಥೆಗಾರನಿಗೆ,

‘ಪ್ರೀತಿಯ’ ಎಂದು ಬರೆದು ಒಮ್ಮೆ ಹೊಡೆದು ಹಾಕಿದೆ. ಅದಿಲ್ಲದೆ ಕಾಗದ ವಕೀಲರ ನೋಟೀಸಿನಂತೆ ಕಂಡಿತು. ಬೇರೆ ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಇರಲಿ ಬಿಡು.

ಈ ಹದಿನಾಲ್ಕು ತಿಂಗಳಲ್ಲಿ ನಾನು ನಿನಗೆ ಬರೆದದ್ದು ಮೂರೇ ಮೂರು ಸಾಲು, ಅವೂ ಫೋನಿನಲ್ಲಿ. ಬೀರುವಿನ ಕೀಲಿ ಫ್ರಿಜ್ಜಿನ ಮೇಲಿದೆ. ನನ್ನ ಹಳೇ ಮೈಕುಗಳು ಆಫೀಸಿನಲ್ಲೇ ಇರಲಿ. ಫೋನ್ ಮಾಡಬೇಡ. ಇವತ್ತು ಹೇಳಬೇಕಾದದ್ದನ್ನು ಮಾತಿನಲ್ಲಿ ಹೇಳಲು ನನ್ನಿಂದಾಗದು. ಬಾಯಿ ತೆರೆದರೆ ನನ್ನ ದನಿ ನನಗೇ ಕೇಳಿಸುತ್ತದೆ, ಕೇಳಿಸಿದ ಕೂಡಲೇ ಅದನ್ನು ತಿದ್ದಿ ಚೆಂದ ಮಾಡಲು ಕೂರುತ್ತೇನೆ. ಕಸುಬಿನ ಚಟ. ಅದಕ್ಕೇ ಕಾಗದ.

ಮೊದಲು ಸುದ್ದಿ. ನಿನ್ನ ಆಟವನ್ನು ಆಡಿದೆ. ಮೊದಲಿಂದ ಕೊನೆಯವರೆಗೆ.

ನಗಬೇಡ. ಆ ಆಟದ ಅರ್ಧಕ್ಕರ್ಧ ಸದ್ದುಗಳನ್ನು ಮಾಡಿಕೊಟ್ಟವಳು ನಾನೇ ಆದರೂ, ಜನ್ಮದಲ್ಲಿ ಒಂದು ವಿಡಿಯೋ ಗೇಮ್ ಆಡಿದವಳಲ್ಲ ಎಂದು ನಿನಗೆ ಗೊತ್ತು. ಈಗ ನಾನು ಕೆಲಸ ಮಾಡುವಲ್ಲಿ ಲಿಫ್ಟುಗಳ, ರೈಲು ನಿಲ್ದಾಣಗಳ ಪ್ರಕಟಣೆಗಳನ್ನು ರೆಕಾರ್ಡ್ ಮಾಡುತ್ತೇವೆ. ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ. ಇಡೀ ದಿನ ಇದೇ. ಅಲ್ಲಿ ಮುಂಬಾಗಿಲ ಮೇಜಿನಲ್ಲಿ ಕೂರುವ ಹೆಂಗಸೊಬ್ಬರಿದ್ದಾರೆ, ಐವತ್ತು ದಾಟಿದವರು, ಬಲು ಮಾತುಗಾತಿ. ಜನವರಿಯ ಒಂದು ಬೆಳಿಗ್ಗೆ ಕಣ್ಣು ಊದಿಸಿಕೊಂಡು ಬಂದಿದ್ದರು. ಏನಾಯಿತೆಂದು ಕೇಳಿದೆ.

“ಏಳು ವರ್ಷ ಆದ್ಮೇಲೆ ನಿನ್ನೆ ನಮ್ಮಣ್ಣಂಗೆ ಫೋನ್ ಮಾಡಿದೆ ಕಣ್ರೀ,” ಅಂದರು. “ಒಂದು ವಿಡಿಯೋ ಗೇಮ್ ಆಡಿ. ಯಾರಿಗಾದ್ರೂ ಹೇಳಿದ್ರೆ ನಗ್ತಾರೆ. ಅದರಲ್ಲಿ ಆ ತಮ್ಮ ಹೇಳ್ತಾನಲ್ಲ, ‘ನೀನು ಹೋಗಿ ಊಟ ಮಾಡ್ಕೊಂಡು ಬಾ ಅಕ್ಕ, ನಾನಿಲ್ಲೇ ಇರ್ತೀನಿ’ ಅಂತ. ಅಲ್ಲಿಗೆ ನನ್ನ ಕೈಲಾಗಲಿಲ್ಲ.”

ಆ ಮಾತು ಎಲ್ಲಿಂದ ಬಂತು ಎಂದು ನಾನು ಹೇಳಲಿಲ್ಲ. ಅದನ್ನು ರೆಕಾರ್ಡ್ ಮಾಡಿದವಳು ನಾನೇ ಎಂದೂ ಹೇಳಲಿಲ್ಲ. ಆಟ ಆಡುವ ಆ ಯಂತ್ರವನ್ನು ಕೆಲವು ದಿನ ಕೊಡ್ತೀರಾ ಎಂದು ಕೇಳಿದೆ. ಮರುದಿನವೇ ವೈರುಗಳ ಸಮೇತ ಬಟ್ಟೆಚೀಲದಲ್ಲಿ ತಂದು ಕೊಟ್ಟರು.

ದಿನಾ ಸಂಜೆ ಕೆಲಸ ಮುಗಿಸಿ ಬಂದು ಆಡಿದೆ. ನನ್ನ ಕೋಣೆ ದರ್ಜಿಯ ಅಂಗಡಿಯ ಮೇಲಿದೆ. ಕೆಳಗೆ ಅವನ ಮಷೀನು, ಮೇಲೆ ನಿನ್ನ ಆಕಾಶಗಣಿ. ಮೊದಲ ಕಾರಿಡಾರಿನಲ್ಲೇ ಹನ್ನೊಂದು ಸಲ ಸತ್ತೆ. ನಿನ್ನ ನಾಯಕಿ, ಆ ರಿಪೇರಿಯವಳು, ವೆಲ್ಡಿಂಗ್ ಗನ್ ಹಿಡಿದು ನಿಂತಿದ್ದಾಳೆ. ಕಬ್ಬಿಣ ತಿನ್ನುವ ನಿನ್ನ ಯಂತ್ರಗಳು ಗೋಡೆ ಸೀಳಿಕೊಂಡು ಬರುತ್ತಿವೆ. ನಾನು ಗುರಿಯಿಡುವ ಬದಲು ನೆಲ ನೋಡಿಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದೇನೆ. ಹೆದರಬೇಕು ಎಂದರೆ ಹೆದರಿಕೆಯೂ ಬರಲಿಲ್ಲ, ಯಾಕೆಂದರೆ ಆ ಯಂತ್ರಗಳ ಕೂಗು ನಮ್ಮ ಬಚ್ಚಲುಮನೆ ಬಾಗಿಲಿನದು. ನೀನು ಎಣ್ಣೆ ಬಿಡುತ್ತೇನೆ ಎಂದಾಗಲೆಲ್ಲ ನಾನು ಬೇಡ ಅನ್ನುತ್ತಿದ್ದೆನಲ್ಲ, ಅದೇ. ಮೂರನೇ ವಾರದ ಹೊತ್ತಿಗೆ ಕೈ ಪಳಗಿತು. ಗಣಿ ಕುಸಿಯುವ ಅಧ್ಯಾಯದಲ್ಲಿ ಮ್ಯಾಗ್ನೆಟ್ ಬೂಟು ಹಾಕಿಕೊಂಡು ಸೂರಿನ ಮೇಲೆ ತಲೆಕೆಳಗಾಗಿ ಓಡಿ ಆ ದೊಡ್ಡ ಯಂತ್ರವನ್ನು ಕೆಡವಿದ ದಿನ, ನಿಜ ಹೇಳುತ್ತೇನೆ, ಕುರ್ಚಿಯಿಂದ ಎದ್ದು ನಿಂತಿದ್ದೆ.

ಆದರೆ ನಾನು ಆಡಿದ್ದು ಅದಕ್ಕಲ್ಲ. ಗುಂಡನನ್ನು ನೋಡುವುದಕ್ಕೆ.

ಅವನ ಮುಖ ಬೇರೆ ಮಾಡಿದ್ದೀಯ, ಎತ್ತರ ಬೇರೆ. ಆದರೂ ನಿನ್ನ ನಾಯಕಿಯ ತಮ್ಮ, ಆ ಪೈಲಟ್, ಬಾಯಿ ತೆರೆದ ಮೊದಲ ನಿಮಿಷದಲ್ಲೇ ಗುರುತು ಸಿಕ್ಕಿತು. ಹುಟ್ಟಿದಾಗ ದುಂಡಗಿದ್ದ ಎಂದು ಇಟ್ಟ ಹೆಸರು, ಬೆಳೆದು ಕಡ್ಡಿಯಂತಾದ ಮೇಲೂ ಉಳಿದುಬಿಟ್ಟ ನನ್ನ ತಮ್ಮ ಗುಂಡ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯಲು ಬಂದವರಿಗೆ ಅವನು ಹೇಳುತ್ತಿದ್ದ ಮಾತನ್ನು ನೀನು ಆಕಾಶನೌಕೆಯಲ್ಲಿ ಕೂರಿಸಿ ಹೇಳಿಸಿದ್ದೀಯ. “ಹೆದರ್ಬೇಡಿ, ನಿಮ್ಮ ಕಾಲು ಬ್ರೇಕಿಗೆ ಹೋಗೋ ಮೊದಲು ನನ್ನ ಕಾಲು ಹೋಗಿರುತ್ತೆ.” ಒಂದು ಸಂಜೆ ಪೂರ್ತಿ ಅವನ ಪಕ್ಕದ ಸೀಟಿನಲ್ಲಿ ಸುಮ್ಮನೆ ಸುತ್ತಿದೆ. ಕಥೆ ಮುಂದೆ ಹೋಗಲಿಲ್ಲ. ನನಗೂ ಹೋಗುವುದು ಬೇಕಿರಲಿಲ್ಲ.

ಇನ್ನು ಮುಂದಿನದನ್ನು ಅನುಕ್ರಮವಾಗಿ ಬರೆಯುತ್ತೇನೆ. ನಡುವೆ ಎದ್ದು ಹೋಗಬಾರದು ಎಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಡಬ್ಬಿಂಗ್ ಕೋಣೆಯ ಆ ದಿನವನ್ನು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಗುಂಡ ಹೋಗಿ ಹನ್ನೊಂದು ತಿಂಗಳಾಗಿತ್ತು. ಗಾಜಿನ ಈಚೆ ನಾನು, ಆಚೆ ಆ ನಟ. ಅವತ್ತಿನ ಹಾಳೆಗಳು ಅವತ್ತೇ ಬಂದಿದ್ದವು. ತಮ್ಮನಿಗೆ ಗಾಯವಾಗಿದೆ, ಗಾಳಿ ಮುಗಿಯುತ್ತಿದೆ, ಅಕ್ಕ ಕೈಬಿಟ್ಟು ಹೋಗಲಾರಳು, ಆಗ ಅವನು ಊಟದ ಆ ಮಾತು ಹೇಳುತ್ತಾನೆ. ಆಸ್ಪತ್ರೆಯಲ್ಲಿ ಗುಂಡ ಕೊನೆಯದಾಗಿ ನನಗೆ ಹೇಳಿದ ಮಾತೆಂದು ನಾನು ನಿನ್ನ ಹೆಗಲ ಮೇಲೆ ತಲೆಯಿಟ್ಟು ಹೇಳಿದ್ದೆನಲ್ಲ, ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲದೆ ಟೈಪಾಗಿತ್ತು.

ಹದಿನೇಳು ಸಲ ಹೇಳಿಸಿದೆ ಆ ನಟನಿಂದ. ಪ್ರತಿ ಸಲವೂ ನಿರ್ದೇಶಕಿ ನನ್ನ ಕಡೆ ತಿರುಗಿ, “ನಿಮಗೇನನ್ಸುತ್ತೆ, ನಿಜ ಅನ್ನಿಸ್ತಾ?” ಎಂದು ಕೇಳುವರು. ಇನ್ನೊಂದು ಸಲ ಎನ್ನುವೆ. ನಟ ಪಾಪ ತಾಳ್ಮೆಯ ಮನುಷ್ಯ. ಹನ್ನೆರಡನೆಯ ಸಲವೋ ಏನೋ, ಹೆಡ್‌ಫೋನ್ ತೆಗೆದು, “ಮೇಡಂ, ತಾನು ಸಾಯ್ತೀನಿ ಅಂತ ಅವನಿಗೆ ಗೊತ್ತಾ?” ಎಂದು ಕೇಳಿದ. ಇನ್ನೊಂದು ಸಲ ಎಂದೆ. ಹದಿನೇಳನೆಯದಕ್ಕೆ ಸರಿ ಅಂದದ್ದು ಅದು ನಿಜ ಅನ್ನಿಸಿತೆಂದಲ್ಲ, ಅವನ ಗಂಟಲು ಕಟ್ಟಿತ್ತು.

ಆಮೇಲೆ ಮನೆಗೆ ಬಂದೆ. ನೀನು ಅಂಗಿ ಇಸ್ತ್ರಿ ಮಾಡುತ್ತಿದ್ದೆ. ಕಳ್ಳ ಅಂದೆ. ಸತ್ತವನ ಜೇಬಿಗೆ ಕೈ ಹಾಕಿದೆ ಅಂದೆ. ಇನ್ನೂ ಏನೇನೋ ಅಂದೆ, ಅವನ್ನು ಮತ್ತೆ ಬರೆಯುವುದಿಲ್ಲ. ನೀನು ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, “ಅದು ನಿನಗೋಸ್ಕರ ಬರೆದದ್ದು,” ಅಂದೆ, ಅಷ್ಟೇ. ನನಗೆ ಬೇಡ ಅಂದೆ. ಎರಡು ದಿನದಲ್ಲಿ ಎರಡು ಸೂಟ್‌ಕೇಸು ತುಂಬಿಸಿದೆ.

ಮೂರು ವಾರದ ಹಿಂದೆ, ಒಂದು ಭಾನುವಾರ, ಆಟದಲ್ಲಿ ಆ ದೃಶ್ಯ ಬಂತು. ಅವನು ಆ ಮಾತು ಹೇಳಿದ. ಹದಿನೇಳನೆಯ ಟೇಕೇ ಅದು. ಬಾಗಿಲ ಹತ್ತಿರ ಹಸಿರು ದೀಪ ಬೆಳಗಿತು. ಬಾಗಿಲು ತೆರೆಯಲು ಒಂದೇ ಗುಂಡಿ ಒತ್ತಬೇಕು. ಎಲ್ಲರೂ ಒತ್ತುತ್ತಾರೆ, ಅತ್ತುಕೊಂಡು ಒತ್ತುತ್ತಾರೆ, ಯಂತ್ರ ಕೊಟ್ಟ ನಮ್ಮ ಆಫೀಸಿನ ಆ ಹೆಂಗಸೂ ಒತ್ತಿದ್ದರು. ನಾನು ಒತ್ತಲಿಲ್ಲ. ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಏನೂ ಆಗದು, ಚಿತ್ರ ಹಾಗೇ ನಿಂತಿರುತ್ತದೆ ಅಂದುಕೊಂಡಿದ್ದೆ.

ಮೂರು ನಿಮಿಷಕ್ಕೆ ಅವನು, “ಇನ್ನೂ ಹೋಗಿಲ್ವಾ?” ಅಂದ. ಐದನೆಯ ನಿಮಿಷಕ್ಕೆ ಒಬ್ಬ ಮುದುಕಿಗೆ ನೌಕೆ ಓಡಿಸಲು ಕಲಿಸಿದ ಕಥೆ ಶುರು ಮಾಡಿದ, ಅರ್ಧಕ್ಕೇ ಬಿಟ್ಟ. ಇವು ನಾನು ಬಿಟ್ಟುಹೋದ ಮೇಲೆ ರೆಕಾರ್ಡ್ ಆದವು ಎಂದು ಮೊದಲ ಸಾಲಿಗೇ ತಿಳಿಯಿತು. ಕೋಣೆಯ ಗಾಳಿಯ ಸದ್ದು ಬೇರೆ, ಮೈಕು ಒಂದು ಗೇಣು ಹತ್ತಿರ. ಹತ್ತು ನಿಮಿಷವಾದ ಮೇಲೆ ಅವನು ಮಾತು ನಿಲ್ಲಿಸಿದ. ಉಸಿರು ಮಾತ್ರ. ಇಪ್ಪತ್ತನೆಯ ನಿಮಿಷಕ್ಕೆ, “ಹಂಗಾದ್ರೆ ಸ್ವಲ್ಪ ಕೂತ್ಕೋ ಅಕ್ಕ,” ಅಂದ.

ನಾನು ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. ನಿನ್ನ ರಿಪೇರಿಯವಳು ತಾನಾಗಿಯೇ ವೆಲ್ಡಿಂಗ್ ಗನ್ ಕೆಳಗಿಟ್ಟಳು, ಬೂಟು ಬಿಚ್ಚಿದಳು, ಅವನ ಪಕ್ಕ ಕೂತಳು. ಕೊನೆಯವರೆಗೆ ಕೂತಿದ್ದಳು. ಸಂಗೀತ ಹಾಕಿಲ್ಲ ನೀನು. ಅದಾದ ಮೇಲೆ ಹಸಿರು ದೀಪ ಮತ್ತೆ ಬೆಳಗಿತು, ಕಥೆ ಎಲ್ಲರಿಗೂ ಸಾಗುವಂತೆಯೇ ಮುಂದಕ್ಕೆ ಸಾಗಿತು. ಆಫೀಸಿನ ಆ ಹೆಂಗಸನ್ನು ವಿಚಾರಿಸಿದೆ. ಅಂಥದ್ದೊಂದು ದೃಶ್ಯ ಇದೆಯೆಂದೇ ಅವರಿಗೆ ಗೊತ್ತಿಲ್ಲ.

ಈಗ ಹೇಳುತ್ತೇನೆ ಕೇಳು.

ಗುಂಡ ಆ ಮಾತು ಹೇಳಲೇ ಇಲ್ಲ. ಊಟ ಮಾಡಿಕೊಂಡು ಬಾ ಎಂದು ಅವನು ನನಗೆ ಹೇಳಲಿಲ್ಲ. ಅವತ್ತು ಮಧ್ಯಾಹ್ನ ಮೂರರ ಸುಮಾರಿಗೆ ಅವನ ಉಸಿರು ಬದಲಾಯಿತು. ನರ್ಸಿಗೆ ತಿಳಿಯುವ ಮೊದಲೇ ನನಗೆ ತಿಳಿಯಿತು. ಇಪ್ಪತ್ತು ವರ್ಷದಿಂದ ಸದ್ದು ಕೇಳಿಯೇ ಅನ್ನ ತಿಂದ ಕಿವಿ ಇದು. ಎಳೆದುಕೊಳ್ಳುವ ಉಸಿರಿಗೂ ಬಿಡುವ ಉಸಿರಿಗೂ ನಡುವೆ ಒಂದು ಖಾಲಿ ಜಾಗ ಬರತೊಡಗಿತ್ತು, ಅದು ದೊಡ್ಡದಾಗುತ್ತಿತ್ತು. ಅವನು ಕಣ್ಣು ತೆರೆದು, “ಅಕ್ಕ, ಸ್ವಲ್ಪ ಕೂತ್ಕೋ. ಭಯ ಆಗ್ತಿದೆ,” ಅಂದ. ನಾನು, “ಕೈ ತೊಳ್ಕೊಂಡು ಬಂದೆ ಕಣೋ,” ಅಂದೆ. ಎದ್ದು ಮೆಟ್ಟಿಲಿಳಿದು ಕ್ಯಾಂಟೀನಿಗೆ ಹೋದೆ. ಒಂದು ಟೀ ಕುಡಿದೆ. ಇನ್ನೊಂದು ತೆಗೆದುಕೊಂಡೆ. ಒಬ್ಬಾಕೆ ಟ್ರೇಗಳನ್ನು ತೊಳೆದು ಒಂದರ ಮೇಲೊಂದು ಎತ್ತಿಡುತ್ತಿದ್ದಳು, ಅದನ್ನೇ ಕೇಳಿಸಿಕೊಂಡು ಕೂತೆ. ಆ ಖಾಲಿ ಜಾಗ ಕೇಳಿಸದ ಕಡೆ ಎಲ್ಲಿಯಾದರೂ ಸರಿ ಅನ್ನಿಸಿತ್ತು. ನಲವತ್ತು ನಿಮಿಷ ಕಳೆದು ಮೇಲೆ ಬಂದಾಗ ಪರದೆ ಎಳೆದಿದ್ದರು.

ಅಮ್ಮ ಐದು ಗಂಟೆಗೆ ಬಂದಳು. ಕೊನೆಗೇನಾದ್ರೂ ಅಂದ್ನಾ ಎಂದು ಕೇಳಿದಳು. ಆಗ ಆ ಮಾತು ನನ್ನ ಬಾಯಿಂದ ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ, ಪೂರ್ತಿ ಸಿದ್ಧವಾಗಿ, ಅವನದೇ ಧಾಟಿಯಲ್ಲಿ ಬಂತು. ಅಮ್ಮ ಅದನ್ನು ಕೇಳಿ ಅತ್ತಳು, ಅಳು ಸಲೀಸಾಗಿ ಬಂತು ಅವಳಿಗೆ. ಅದು ಕೆಲಸ ಮಾಡುತ್ತದೆ ಎಂದು ನೋಡಿದ ಮೇಲೆ ನಿನಗೂ ಅದನ್ನೇ ಹೇಳಿದೆ.

ಆದ್ದರಿಂದ ನೀನು ಯಾರ ಜೇಬಿಗೂ ಕೈ ಹಾಕಲಿಲ್ಲ. ಅವತ್ತು ನಾನು ಕೂಗಾಡಿದ್ದು ನೀನು ಅವನ ಮಾತು ಕದ್ದೆ ಎಂದಲ್ಲ. ನನ್ನ ಸುಳ್ಳನ್ನು ಒಬ್ಬ ಅಪರಿಚಿತನ ಬಾಯಲ್ಲಿ ಹದಿನೇಳು ಸಲ ಕೇಳಿ ಬಂದಿದ್ದೆ. ಅದರ ಸಿಟ್ಟು ಯಾರ ಮೇಲಾದರೂ ಬೀಳಬೇಕಿತ್ತು, ನೀನು ಎದುರಿಗಿದ್ದೆ.

ಏನೂ ಗೊತ್ತಿಲ್ಲದೆ ಆ ಕೂತುಕೊಳ್ಳುವ ದೃಶ್ಯವನ್ನು ನೀನು ಹೇಗೆ ಬರೆದೆ? ಯೋಚಿಸಿ ಯೋಚಿಸಿ ಸೋತೆ. ಕಥೆ ಬರೆಯುವವರಿಗೆ ಇಂಥದ್ದು ಹೊಳೆಯುತ್ತದೆ ಎಂದುಕೊಂಡು ಸುಮ್ಮನಾದೆ. ಆ ದೃಶ್ಯವನ್ನು ಮೂರು ವಾರದಲ್ಲಿ ಆರು ಸಲ ನೋಡಿದ್ದೇನೆ. ಪ್ರತಿ ಸಲವೂ ಆ ಇಪ್ಪತ್ತು ನಿಮಿಷ ಕಾದಿದ್ದೇನೆ. ಕಾಯಲು ಬರುತ್ತದೆ ನನಗೆ, ನೋಡು. ಬೇಕಾದಾಗ ಬರಲಿಲ್ಲ.

ಮನೆಗೆ ನಾನು ಮರಳಿ ಬರುವುದಿಲ್ಲ. ಇದು ಸಿಟ್ಟಲ್ಲ. ತಮ್ಮನಿಗಾಗಿ ಅಳುವ ಅಕ್ಕನೊಬ್ಬಳನ್ನು ನೀನು ಹನ್ನೊಂದು ತಿಂಗಳು ಜೋಪಾನ ಮಾಡಿದೆ, ತಟ್ಟೆಗೆ ಬಡಿಸಿದೆ, ತಲೆ ನೇವರಿಸಿದೆ. ಅವಳ ಜಾಗದಲ್ಲಿ ಕೂತು ಅದೆಲ್ಲ ತೆಗೆದುಕೊಂಡವಳು ಬೇರೆ. ಇನ್ನೊಮ್ಮೆ ಅಲ್ಲಿ ಬಂದು ಕೂರಲು ನನಗೆ ಮುಖವಿಲ್ಲ.

ಬೆನ್ನುನೋವು ಹೇಗಿದೆ? ಕುರ್ಚಿ ಬದಲಿಸು ಎಂದಿದ್ದೆ. ಬದಲಿಸಿರಲಾರೆ.

ಇಂತು,
ನಿನ್ನ ಸದ್ದಿನವಳು

ತಾ.ಕ.: ಮಂಗಳವಾರ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ, ಈಗ ಒಡೆದು ಇದನ್ನು ಸೇರಿಸುತ್ತಿದ್ದೇನೆ. ನಿನಗೆ ಹೇಳಿದ ಮೇಲೆ ಅಮ್ಮನಿಗೂ ಹೇಳಲೇಬೇಕೆಂದು ನಿನ್ನೆ ಅವಳ ಮನೆಗೆ ಹೋಗಿದ್ದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನಂಗೆ ಅವತ್ತೇ ಗೊತ್ತಿತ್ತು ಕಣೇ. ಪಕ್ಕದ ಹಾಸಿಗೆ ಮುದುಕರ ಸೊಸೆ ಅಲ್ಲೇ ಇದ್ದಳಲ್ಲ, ಎಲ್ಲ ಹೇಳಿದಳು. ನೀನು ಹೇಳಿದ್ದೇ ನಂಗೂ ಬೇಕಾಗಿತ್ತು, ಇರ್ಲಿ ಅಂತ ಇಟ್ಕೊಂಡೆ,” ಅಂದಳು. ಕೊನೆಗೆ ಇನ್ನೊಂದು ಮಾತು ಅಂದಳು. “ನೀನು ಊಟ ನಿದ್ದೆ ಬಿಟ್ಟಿದ್ದೆ, ನಿನ್ನ ಮೇಲೆ ಒಂದು ಕಣ್ಣಿರಲಿ ಅಂತ ಅಳಿಯಂದಿರಿಗೂ ಆ ವಾರವೇ ಎಲ್ಲ ಹೇಳಿದ್ದೆ, ಅವರಿಗೆ ಗೊತ್ತಿರೋದು ನಿಂಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದೆ,” ಅಂತ. ಅಂದರೆ ಆ ಹನ್ನೊಂದು ತಿಂಗಳು ನೀನು ಜೋಪಾನ ಮಾಡಿದ್ದು ನನ್ನನ್ನೇ. ಮೇಲಿನ ಕಾಗದವನ್ನು ಹರಿದು ಹಾಕದೆ ಹಾಗೇ ಕಳಿಸುತ್ತಿದ್ದೇನೆ. ಬರುವುದಿಲ್ಲ ಎಂದು ಬರೆದ ಸಾಲನ್ನೂ ಹೊಡೆದಿಲ್ಲ, ಬರುವುದು ಈಗ ಇನ್ನಷ್ಟು ಕಷ್ಟವಾಗಿದೆ. ಕಳ್ಳ ಎಂದು ನಾನು ಕೂಗುತ್ತಿದ್ದಾಗ ಆಣೆ ಮುರಿಯಬಹುದಿತ್ತು ನೀನು. ಮುರಿಯಲಿಲ್ಲ.