ಹಿತ್ತಾಳೆ ಲೋಟದ ಗಾಳಕ್ಕೆ ಬಿದ್ದ ಮೀನಿನ ಒಡೆತನವನ್ನು ಕುರಿತು

1. ಬರೆಯುವವನು: ಮುದ್ದಬೋರಯ್ಯ ಬಿನ್ ಕರಿತಿಮ್ಮಯ್ಯ, ವಯಸ್ಸು ಎಪ್ಪತ್ನಾಲ್ಕು, ಕಸುಬು ಮೀನುಗಾರಿಕೆ, ವಾಸ ಕೆಂಬಾರೆ ಜಲಾಶಯದ ಮೂಡಣ ದಡ.

2. ಬರೆದ ದಿನ: ಇಸವಿ 2196, ಫೆಬ್ರವರಿ ತಿಂಗಳ ಮೂವತ್ತನೆಯ ತಾರೀಕು, ಬೆಳಗಿನ ಹೊತ್ತು.

3. ಯಾರಿಗೆ: ಶ್ರೀಮತಿ ‘…ಕಮ್ಮ’ನವರಿಗೆ. ಹೆಸರಿನ ಮೊದಲ ಭಾಗ ಕತ್ತರಿಯ ಆಚೆಗೆ ಉಳಿದುಹೋಗಿದೆ.

4. ವಸ್ತು: ಹಿತ್ತಾಳೆ ಲೋಟದಿಂದ ಎಲೆಯಾಕಾರದಲ್ಲಿ ಕತ್ತರಿಸಿದ ತುಂಡು ಒಂದು, ನಡುಬೆರಳಿನಷ್ಟು ಉದ್ದ, ಬಾಲದಲ್ಲಿ ಮೂರು ಮೊನೆಯ, ತುಕ್ಕು ಹಿಡಿಯದ ಉಕ್ಕಿನ ಗಾಳ.

5. ಕೋರಿಕೆ: ಸದರಿ ಗಾಳಕ್ಕೆ ಬಿದ್ದ ಮೀನೊಂದನ್ನು ತಾವು ನಮಗೆ ಬಿಟ್ಟುಕೊಡಬೇಕೆಂದು.

ತಾಯಿ,

ಮೇಲೆ ಕಾಣಿಸಿದ ತಾರೀಕು ತಮ್ಮ ಪಂಚಾಂಗದಲ್ಲಿ ಇಲ್ಲವೆಂಬುದನ್ನು ಬಲ್ಲೆ. ನಮ್ಮಲ್ಲಿ ಉಂಟು, ಎಲ್ಲ ತಿಂಗಳುಗಳಿಗೂ ಮೂವತ್ತು ದಿನಗಳನ್ನು ಸಮನಾಗಿ ಹಂಚಿ ಎರಡು ತಲೆಮಾರು ಕಳೆಯಿತು. ನನ್ನ ಮಾತುಗಳಲ್ಲಿ ಕೆಲವು ತಮ್ಮ ಕಿವಿಗೆ ಒರಟಾಗಿಯೋ ಅಪರಿಚಿತವಾಗಿಯೋ ಕೇಳಿಸಿದರೆ ಮನ್ನಿಸಬೇಕು. ತಮ್ಮ ಕಾಲದವರು ಸರ್ಕಾರಕ್ಕೆ ಬರೆದುಕೊಂಡ ಅರ್ಜಿಗಳ ಒಂದು ಕಟ್ಟು ನಮ್ಮ ಸಭೆಯ ಪೆಟ್ಟಿಗೆಯಲ್ಲಿದೆ. ಅವನ್ನು ನಕಲು ಮಾಡುತ್ತಲೇ ನಾನು ಬರವಣಿಗೆ ಕಲಿತೆ. ರಸ್ತೆ ಕೇಳಿದವರು, ಕೊಳವೆಬಾವಿ ಕೇಳಿದವರು, ಸತ್ತ ಗಂಡನ ಹೆಸರು ತೆಗೆದು ತನ್ನ ಹೆಸರು ಸೇರಿಸಿರೆಂದು ಬೇಡಿಕೊಂಡ ಹೆಂಗಸು, ಇವರೆಲ್ಲ ನನ್ನ ಗುರುಗಳು. ಯಾರನ್ನು ಹೇಗೆ ಕೇಳಬೇಕೆಂಬುದನ್ನು ಅವರಿಂದ ತಿಳಿದೆ. ಈ ದಡದಲ್ಲಿ ನನ್ನಷ್ಟು ತಿದ್ದಿ ಬರೆಯಬಲ್ಲವರು ಬೇರೆ ಯಾರೂ ಇಲ್ಲವೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇದನ್ನು ನಾವು ಹಿನ್ನೋಲೆ ಎನ್ನುತ್ತೇವೆ, ಎಂದರೆ ಹಿಂದಿನವರಿಗೆ ಬರೆಯುವ ಓಲೆ. ಬರೆದು, ಸುತ್ತಿ, ಅಣೆಕಟ್ಟಿನ ಹಳೆಯ ತೂಬಿನ ಗೋಪುರದೊಳಗಿನ ಬಾವಿಗೆ ಬಿಡುತ್ತೇವೆ. ಉತ್ತರ ಬಂದ ನಿದರ್ಶನ ಈವರೆಗೆ ಇಲ್ಲ. ಆದರೆ ಹಿಂದಿನವರ ವಸ್ತುವೊಂದನ್ನು ಬಳಸಿದವನು ಅವರನ್ನು ಕೇಳದೆ ಇರಬಾರದೆಂಬುದು ನಮ್ಮ ನಡವಳಿಕೆ. ಈ ನಡವಳಿಕೆಯನ್ನು ಕಟ್ಟಳೆಯಾಗಿ ಬರೆದವನೂ ನಾನೇ ಆದ್ದರಿಂದ, ನಡೆದದ್ದನ್ನು ಒಂದೂ ಬಿಡದೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಮ್ಮ ಜಲಾಶಯದಲ್ಲಿ ಒಂದು ಮೀನುಂಟು. ತಮ್ಮ ಕಾಲದಲ್ಲಿ ಅದನ್ನು ಬಾಸ್ ಎಂದು ಕರೆಯುತ್ತಿದ್ದರಂತೆ. ದೂರದೇಶದಿಂದ ತಂದು ಯಾರೋ ಬಿಟ್ಟರಂತೆ. ನಾವು ದೊಡ್ಡಬಾಯಿ ಎನ್ನುತ್ತೇವೆ. ಮುಳುಗಿದ ಒಣಮರಗಳ ನೆರಳಿನಲ್ಲಿ ಅಲ್ಲಾಡದೆ ನಿಂತು, ಎದುರಿಗೆ ಬಂದುದನ್ನು ಒಂದೇ ಸಲಕ್ಕೆ ನುಂಗುವ ಮೀನು ಅದು. ಸಣ್ಣ ಮೀನಿದ್ದರೆ ದೊಡ್ಡಬಾಯಿ ಬದುಕೀತು, ಪಾಚಿಯೂ ಹುಳವೂ ಇದ್ದರೆ ಸಣ್ಣ ಮೀನು ಬದುಕೀತು. ಆದ್ದರಿಂದ ಹೊಳೆಸಾಲಿನ ಮಹಾಸಭೆಯವರು ನೀರಿನ ಜೀವವನ್ನು ಈ ಮೀನಿನಿಂದಲೇ ಅಳೆಯುತ್ತಾರೆ. ವರ್ಷಕ್ಕೊಮ್ಮೆ ಗಾಳದ ದಿನ. ಅಂದು ಸೂರ್ಯೋದಯದಿಂದ ಬಿಸಿಲುಗಂಟೆಯವರೆಗೆ, ಎಂದರೆ ಬಯಲಿನಲ್ಲಿ ನಿಂತರೆ ಪ್ರಾಣಕ್ಕೆ ಅಪಾಯವೆಂದು ಸಾರುವ ಗಂಟೆ ಬಾರಿಸುವವರೆಗೆ, ಹರಿಗೋಲಿಗೊಂದು ಗಾಳದಂತೆ ಎರಡೂ ದಡದವರು ನೀರಿಗಿಳಿಯುತ್ತೇವೆ. ಹಿಡಿದ ಮೀನನ್ನು ತಿನ್ನುವಂತಿಲ್ಲ. ಅಳೆದು, ಮೈಮೇಲಿನ ಒಂದು ಹುರುಪೆಯನ್ನು ಗುರುತಿಗೆ ಕಿತ್ತುಕೊಂಡು, ಮರಳಿ ನೀರಿಗೆ ಬಿಡಬೇಕು. ಮೂರು ವರ್ಷ ಸತತವಾಗಿ ಒಂದು ಮೊಳ ಉದ್ದದ ದೊಡ್ಡಬಾಯಿ ಸಿಗದೆ ಹೋದರೆ ಅದನ್ನು ಸತ್ತ ನೀರೆಂದು ಸಾರಿ ಮುಚ್ಚಿಗೆ ಹಾಕುತ್ತಾರೆ. ಮುಚ್ಚಿಗೆ ಎಂದರೆ ದಡದಿಂದ ದಡಕ್ಕೆ ತೇಲುವ ಕಪ್ಪು ಹಲಗೆಗಳು. ನೀರು ಆವಿಯಾಗದು, ನಿಜ. ಹರಿಗೋಲೂ ಇಳಿಯದು. ದಡದ ಜನರನ್ನು ಎಬ್ಬಿಸಿ ಕಾಲುವೆಯ ಮೇಲ್ಭಾಗಕ್ಕೆ ಕಳಿಸುತ್ತಾರೆ. ಕೆಳಗಿನ ಎರಡು ಜಲಾಶಯಗಳಿಗೆ ಈಗಾಗಲೇ ಮುಚ್ಚಿಗೆ ಬಿದ್ದಿದೆ. ಒಮ್ಮೆ ಹೋಗಿ ನೋಡಿ ಬಂದೆ. ಅಲ್ಲಿ ನೀರಿನ ಸದ್ದೇ ಇಲ್ಲ.

ನಮ್ಮ ಕೆಂಬಾರೆಯಲ್ಲಿ ಕಳೆದ ಎರಡು ವರ್ಷ ಮೊಳದ ಮೀನು ಸಿಕ್ಕಿರಲಿಲ್ಲ. ಇದು ಮೂರನೆಯದು.

ಮೀನಿನ ಒಡೆತನದ ಕಟ್ಟಳೆಯನ್ನೂ ಇಲ್ಲಿ ಅರಿಕೆ ಮಾಡಬೇಕು. ಬೇರೆ ಕಡೆಯಿಂದ ಬುಟ್ಟಿಯಲ್ಲಿ ಮೀನು ತಂದು ಬಿಟ್ಟು, ಇಲ್ಲಿಯೇ ಹಿಡಿದೆವೆಂದು ಸುಳ್ಳು ಹೇಳಿದ ದಡಗಳುಂಟು. ಅದಕ್ಕಾಗಿ ಪ್ರತಿ ಮೀನಿಗೂ ಹೊಣೆ ಹೊರುವ ಒಬ್ಬರ ಹೆಸರು ಬೇಕು. ಕೋಲು ಹಿಡಿದವರು ಬದಲಾಗುತ್ತಾರೆ. ಲೋಹದ ಗಾಳ ಅಪರೂಪವಾದ್ದರಿಂದ ಅದು ಯಾರದೆಂದು ಇಡೀ ದಡಕ್ಕೆ ಗೊತ್ತಿರುತ್ತದೆ. ಆದ್ದರಿಂದ ಗಾಳ ಯಾರದೋ ಮೀನು ಅವರದು. ಅವರು ಒಪ್ಪಿ ಹೆಸರು ಕೊಟ್ಟರೆ ಮಾತ್ರ ಮಹಾಸಭೆಯವರು ಆ ಮೀನನ್ನು ಮಾನ್ಯ ಮಾಡುತ್ತಾರೆ. ಹತ್ತೊಂಬತ್ತು ವರ್ಷಗಳ ಹಿಂದೆ ಪಡುವಣ ದಡದ ಗುರುವಯ್ಯನವರು ಆ ವರ್ಷದ ಅತಿ ಉದ್ದದ ಮೀನನ್ನು ಹಿಡಿದರು. ಗಾಳ ಅವರ ಸತ್ತ ಅಣ್ಣನದು. ಅಣ್ಣನ ಮಕ್ಕಳನ್ನು ಕೇಳಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಕಟ್ಟಳೆಯನ್ನು ಓದಿ ಆ ಮೀನನ್ನು ತಳ್ಳಿಹಾಕಿಸಿದವನು ನಾನು. ಅವರು ಎದ್ದು ಹೋದರು. ಆಮೇಲೆ ಸಾಯುವವರೆಗೂ ಹರಿಗೋಲು ಹತ್ತಲಿಲ್ಲ.

ಗಾಳದ ದಿನ ಪ್ರತಿ ಹರಿಗೋಲಿನಲ್ಲಿಯೂ ಎದುರುದಡದವರೊಬ್ಬರು ಸಾಕ್ಷಿಯಾಗಿ ಕೂರಬೇಕು. ಮೀನನ್ನು ಅಳೆಯುವವರು ಅವರೇ. ಈ ಸಲ ನನ್ನ ಪಾಲಿಗೆ ಬಂದ ಸಾಕ್ಷಿ ಚೆನ್ನಾಜಮ್ಮ. ಆಕೆ ದಿವಂಗತಳಾದ ನನ್ನ ಪತ್ನಿಯ ತಂಗಿ, ಗುರುವಯ್ಯನವರ ವಿಧವೆ. ಹತ್ತೊಂಬತ್ತು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಹರಿಗೋಲಿನಲ್ಲಿ ಕುಳಿತದ್ದು ಅದೇ ಮೊದಲು. ಹುಟ್ಟು ಹಾಕುವ ಕೆಲಸವನ್ನು ಆಕೆ ನನಗೆ ಬಿಡಲಿಲ್ಲ, ಬಾಯನ್ನೂ ಬಿಗಿಹಿಡಿಯಲಿಲ್ಲ. ಹೊತ್ತೇರುತ್ತಿದ್ದರೂ ನನ್ನ ದಾರ ಅಲುಗದಿದ್ದಾಗ ಆಕೆ ಆಡಿದ ಮಾತನ್ನು ಯಥಾವತ್ತಾಗಿ ಬರೆಯುತ್ತೇನೆ.

“ಏನ್ ಬಾವ, ಕೋಲು ಹಿಡ್ಕಂಡು ಅರ್ಜಿ ಬರೀತಾ ಕೂತಿದ್ದೀರಾ? ಮೀನಿಗೆ ಓದಕ್ ಬರಾಕಿಲ್ಲ ಕಣ್ ಬಾವ.”

ಬಿಸಿಲುಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಬೇರೆ ಹರಿಗೋಲುಗಳು ಬರಿಗೈಯಲ್ಲಿ ದಡದ ಕಡೆ ತಿರುಗಿದ್ದವು. ಮುಳುಗಿದ ಮತ್ತಿಮರವೊಂದರ ಕೊಂಬೆಗೆ ನನ್ನ ಗಾಳ ಸಿಕ್ಕಿಕೊಂಡಿತು. ಜಗ್ಗಿದೆ. ಗಾಳ ಮುರಿಯಿತು; ಕೊಂಬೆಯೂ ಮುರಿದು ಮೇಲೆ ಬಂತು. ಅದರ ತೊಗಟೆಯಲ್ಲಿ ಹುದುಗಿತ್ತು, ತಾಯಿ, ತಮ್ಮ ಲೋಟದ ತುಂಡು. ಹೊರಮೈಯನ್ನು ಬಟ್ಟೆಯಿಂದ ಉಜ್ಜಿದಾಗ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು: ‘…ಕಮ್ಮನ ಮದುವೆಗೆ ಸೋದರಮಾ…’. ಅಷ್ಟೇ. ರೇಣುಕಮ್ಮನೋ, ದೇವಕಮ್ಮನೋ, ಅಂಬಿಕಮ್ಮನೋ ನಾನರಿಯೆ. ತಮ್ಮ ಸೋದರಮಾವ ಮದುವೆಗೆ ಕೊಟ್ಟ ಲೋಟವೆಂಬುದು ಮಾತ್ರ ಖಚಿತ. ಚೆನ್ನಾಜಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಯಾವನೋ ಪುಣ್ಯಾತ್ಮ ಎಡ್ತಿ ಲೋಟನೇ ಕತ್ತರ್ಸವ್ನೆ. ಆಯಮ್ಮ ಆವತ್ತು ಅವನ್ಗೆ ನೀರು ಯಾತ್ರಲ್ಲಿ ಕೊಟ್ಲೋ, ಇಲ್ಲ ತಲೆ ಮ್ಯಾಲೇ ಸುರುದ್ಲೋ!”

ನಾವಿಬ್ಬರೂ ನಕ್ಕೆವು. ನಗುತ್ತಲೇ ನಾನು ಆ ತುಂಡನ್ನು ನನ್ನ ದಾರಕ್ಕೆ ಕಟ್ಟಿದೆ. ಆಕೆಯ ನಗು ನಿಂತಿತು.

“ಬಾವ, ಅದು ನಿಮ್ದಲ್ಲ. ಕಟ್ಟಳೆ ಬರ್ದವ್ರು ನೀವೇಯ.”

“ಗೊತ್ತು ಚೆನ್ನಾಜಿ. ಒಂದೇ ಸಲ ಬೀಸ್ತೀನಿ. ಇನ್ನೇನು ಬಿದ್ದಾತು?”

ಇದೇ ನನ್ನ ತಪ್ಪು. ಏನೂ ಬೀಳುವುದಿಲ್ಲವೆಂಬ ನಂಬಿಕೆಯಿಂದಲೇ ಬೀಸಿದೆ. ಲೋಟದ ಬಾಗಿನಿಂದಾಗಿ ಆ ಎಲೆ ನೀರಿನಲ್ಲಿ ಗಾಯಗೊಂಡ ಮರಿಮೀನಿನಂತೆ ಹೊರಳುತ್ತಾ ಬಂತು; ಅಂಥ ನಡಿಗೆಯನ್ನು ನಾವು ಮೂಳೆಯಲ್ಲಿ ಕೆತ್ತಿ ಗಾಳಕ್ಕೆ ಕಟ್ಟುವ ಹುಸಿಮೀನುಗಳಲ್ಲಿ ನಾನು ಕಂಡಿಲ್ಲ. ಮತ್ತಿಮರದ ನೆರಳು ದಾಟುವಷ್ಟರಲ್ಲಿ ದಾರ ಬಿಗಿಯಿತು, ಕೋಲು ನೀರಿನವರೆಗೆ ಬಾಗಿತು. ಹರಿಗೋಲು ಎರಡು ಸುತ್ತು ತಿರುಗಿತು. ಚೆನ್ನಾಜಮ್ಮ ಹುಟ್ಟನ್ನು ಮರಕ್ಕೆ ಒತ್ತಿ ಹಿಡಿದು, “ಬುಡಬ್ಯಾಡಿ ಬಾವ, ಬುಡಬ್ಯಾಡಿ, ದಾರ ಕೊಡಿ, ಅಯ್ಯೋ ಕೊಡಿ ಅಂದ್ರೆ!” ಎಂದು ಕೂಗಿದಳು. ಮೀನು ಒಮ್ಮೆ ನೀರಿನಿಂದ ಮೇಲಕ್ಕೆ ಹಾರಿ, ಬಾಯಿ ತೆರೆದು ತಲೆ ಕೊಡವಿತು. ಅದರ ಬಾಯಲ್ಲಿ ತಮ್ಮ ಹಿತ್ತಾಳೆ ಬಿಸಿಲಿಗೆ ಹೊಳೆಯಿತು. ಕೊನೆಗೆ ಹರಿಗೋಲಿನ ತಳದಲ್ಲಿ ಅದು ಮಲಗಿದಾಗ ಆಕೆ ಮೊಣಕೈಯಿಟ್ಟು ಅಳೆದಳು. ಒಂದು ಮೊಳ, ನಾಲ್ಕು ಬೆರಳು. ಹೊಟ್ಟೆ ಮೊಟ್ಟೆಗಳಿಂದ ಉಬ್ಬಿತ್ತು. ಹುರುಪೆಯೊಂದನ್ನು ಕಿತ್ತುಕೊಂಡು ಇಬ್ಬರೂ ಎರಡು ಕಡೆ ಹಿಡಿದು ನೀರಿಗೆ ಬಿಟ್ಟೆವು.

ದಡ ಸೇರಿ ಹಗ್ಗ ಕಟ್ಟುವಾಗ ಆಕೆ ಹೇಳಿದಳು: “ನನ್ ಕಣ್ಣು ಮೊದ್ಲೇ ಮಂಜು. ಯಾವ ಗಾಳ ಅಂತ ನನಗೆ ಕಾಣ್ನಿಲ್ಲ. ಹೇಳಾದಾದ್ರೆ ನೀವೇ ಹೇಳಿ.” ನಾಲ್ಕು ಹೆಜ್ಜೆ ಹೋಗಿ ತಿರುಗಿ, “ನಮ್ಮೆಜಮಾನ್ರ ಸರದೀಲಿ ಮಾತ್ರ ಯಾರ ಕಣ್ಣೂ ಮಂಜಾಗಿರ್ನಿಲ್ಲ” ಎಂದಳು.

ಸಭೆಯಲ್ಲಿ ಎರಡೂ ದಡದವರು ತುಂಬಿದ್ದರು. ಹುರುಪೆ ಕೈಯಿಂದ ಕೈಗೆ ಹೋಯಿತು. ಕೆಲವರು ಅದನ್ನು ಹಣೆಗೆ ಒತ್ತಿಕೊಂಡರು. ಸಭೆಯ ಯಜಮಾನರಾದ ಹೊನ್ನಪ್ಪಾಜಿಯವರು ನನ್ನನ್ನು ಬಲ್ಲವರು. “ಬೋರಣ್ಣ, ಮೀನು ಸಿಕ್ತು ಅನ್ನಿ, ಕೂತ್ಕಳಿ. ಮಿಕ್ಕಿದ್ ಪುರಾಣ ಬ್ಯಾಡ” ಎಂದರು. ನಾನು ಎದ್ದು ನಿಂತೆ. ಹತ್ತೊಂಬತ್ತು ವರ್ಷಗಳ ಹಿಂದೆ ನಿಂತಿದ್ದ ಕಂಬದ ಪಕ್ಕದಲ್ಲಿಯೇ ನಿಂತು, ಗಾಳ ನನ್ನದಲ್ಲವೆಂದು ಹೇಳಿದೆ. ಹಿಂದಿನ ಸಾಲಿನಿಂದ ಯಾರೋ “ಸತ್ತವ್ರಿಗೆ ಮೀನ್ ಯಾಕ್ ಮಾರಾಯ!” ಎಂದರು. ಯಾರೂ ನಗಲಿಲ್ಲ. ಒಂದು ಕೂಸಿಗೆ ಹಾಲೂಡಿಸುತ್ತಿದ್ದ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ಬರೆಯುವ ಶಕ್ತಿ ನಾನು ನಕಲು ಮಾಡಿದ ಯಾವ ಅರ್ಜಿಯಲ್ಲಿಯೂ ಇಲ್ಲ. ಆಗ ಸಾಕ್ಷಿಯ ಸ್ಥಾನದಿಂದ ಚೆನ್ನಾಜಮ್ಮ ಎದ್ದಳು.

“ಆ ತುಂಡಿನ ಒಳಮೈ ಯಾರೂ ನೋಡಿಲ್ಲ, ಕಿಲುಬು ಮುಚ್ಕಂಡದೆ. ತೊಳೀಬ್ಯಾಡಿ. ಮೊದ್ಲು ಆಯಮ್ಮನ್ನ ಕೇಳಿ. ಕೇಳಾದ್ಕೆ ಮುಂಚೆ ತೊಳುದ್ರೆ ಆಯಮ್ಮ ಇನ್ನೆಲ್ಲಿ ಬರೆದಾಳು?”

ಸಭೆ ಒಪ್ಪಿತು. ಹಿನ್ನೋಲೆ ಬಾವಿಗೆ ಬಿದ್ದ ನಂತರ, ಎಲ್ಲರ ಎದುರಿನಲ್ಲಿ ಒಳಮೈಯನ್ನು ತೊಳೆದು ನೋಡತಕ್ಕದ್ದೆಂದೂ, ಅಲ್ಲಿ ಒಡತಿಯ ಒಪ್ಪಿಗೆ ಕಂಡರೆ ಮೀನು ಕೆಂಬಾರೆಯದೆಂದೂ, ಕಾಣದಿದ್ದರೆ ಮೂರನೆಯ ವರ್ಷವೂ ಮೀನಿಲ್ಲವೆಂದು ಮಹಾಸಭೆಗೆ ನಾನೇ ನನ್ನ ಕೈಯಾರೆ ಬರೆಯತಕ್ಕದ್ದೆಂದೂ ತೀರ್ಮಾನವಾಯಿತು. ಆ ದಿನ ಇಂದು.

ಆದ್ದರಿಂದ ತಾಯಿ, ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಮ್ಮ ಅಡುಗೆಮನೆಯ ಗೂಡಿನಲ್ಲಿ ಸೋದರಮಾವನ ಲೋಟ ಕಾಣೆಯಾದ ದಿನ, ಅದನ್ನು ಕತ್ತರಿಸಿದವರು ಮನೆಯಲ್ಲಿ ಯಾರೇ ಆಗಿರಲಿ, ಬೈಯುವ ಮೊದಲು ಆ ತುಂಡನ್ನು ಒಮ್ಮೆ ಕೈಗೆ ತೆಗೆದುಕೊಳ್ಳಬೇಕು. ಒಳಮೈಯ ಮೇಲೆ, ದಬ್ಬಣದ ಮೊನೆಯಿಂದಾದರೂ ಸರಿ, ‘ಹಿಡಿದವರದೇ ಮೀನು’ ಎಂದು ಕೊರೆದು, ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಅವರು ಕೆಂಬಾರೆಗೆ ಹೋಗಿ, ಅದನ್ನು ಮತ್ತಿಮರಕ್ಕೆ ಸಿಕ್ಕಿಸಿ ಕಳೆದುಕೊಂಡು, ಸಪ್ಪೆ ಮುಖ ಹೊತ್ತು ಬಂದಾಗ ದುಃಖಿಸಬೇಡಿ. ಅದು ಕಳೆದಿಲ್ಲ. ಆಮೇಲೆ ಬೈಯುವುದು ತಮ್ಮ ಹಕ್ಕು. ಅದಕ್ಕೆ ನಾವು ಅಡ್ಡ ಬರುವುದಿಲ್ಲ.

ಒಂದು ವೇಳೆ ಈ ಓಲೆ ತಮಗೆ ತಲುಪದೆ, ಒಳಮೈ ಬರಿದಾಗಿಯೇ ಇದ್ದರೆ, ತಮ್ಮ ಮೇಲೆ ಯಾವ ದೂರೂ ಇಲ್ಲ. ಮುಚ್ಚಿಗೆಯ ಕೆಳಗೆ ಆ ಮೀನು ಮೊಟ್ಟೆಯಿಡುವುದೋ ಇಲ್ಲವೋ ತಿಳಿಯದು. ಗುರುವಯ್ಯನವರಿಗೆ ನಾನು ಓದಿದ ಸಾಲನ್ನೇ ನನಗೂ ಓದಿಕೊಂಡೆ ಎಂಬಷ್ಟು ಮಾತ್ರ ನನ್ನ ಬಳಿ ಉಳಿಯುತ್ತದೆ.

ಗೋಪುರದ ಮೆಟ್ಟಿಲಲ್ಲಿ ಕುಳಿತು ಇದನ್ನು ಮುಗಿಸುತ್ತಿದ್ದೇನೆ. ಜನ ಸೇರಿದ್ದಾರೆ. ಚೆನ್ನಾಜಮ್ಮ ಮನೆಯಿಂದ ಹುಣಸೆಹಣ್ಣು ತಂದು, ತನ್ನ ಗಂಡ ನೀರು ಕುಡಿಯುತ್ತಿದ್ದ ಬಟ್ಟಲಿನಲ್ಲಿ ನೆನೆಹಾಕಿದ್ದಾಳೆ. “ಬಾವ, ಹಣ್ಣು ನೆನೀತು. ಸಾಕು ಬರ್ದದ್ದು, ಕಳ್ಸಿ” ಎನ್ನುತ್ತಿದ್ದಾಳೆ.

ಕಳಿಸುತ್ತಿದ್ದೇನೆ.

ತಮ್ಮ ಗಾಳವನ್ನು ಕೇಳದೆ ಬಳಸಿದ,
(ಸಹಿ) ಮುದ್ದಬೋರಯ್ಯ ಬಿನ್ ಕರಿತಿಮ್ಮಯ್ಯ
ಮೂಡಣ ದಡ, ಕೆಂಬಾರೆ

ಸಾಕ್ಷಿ: ಚೆನ್ನಾಜಮ್ಮ ಕೋಂ ಗುರುವಯ್ಯ, ಪಡುವಣ ದಡ

ಲಗತ್ತು: ದೊಡ್ಡಬಾಯಿ ಮೀನಿನ ಹುರುಪೆ, ಒಂದು. ಮೀನು ತಮ್ಮದಾದ್ದರಿಂದ ಇದೂ ತಮಗೆ ಸೇರಿದ್ದು.