ನೆಲಮಾಳಿಗೆಯ ಕೂಗು

ಮಾರ್ಚ್ 2, ಸೋಮವಾರ. ಊಟದ ಬಿಡುವು
ಆಪರೇಷನ್ ಕೋಣೆಯ ಬಟ್ಟೆ ಆಯಿತು. ಬೆಡ್‌ಶೀಟು ಇನ್ನೂ ಎರಡು ಗಾಡಿ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯೋ ನಮಗೆ ಬಿಸಿಲೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಲ್ಲಿಂದ ಕೂಗಿದರೆ ದೇವರೊಬ್ಬನಿಗೇ ಕೇಳೋದು.

ಹೋದ ತಿಂಗಳು ಇಸ್ತ್ರಿಯಕ್ಕ ಆ ಕೊನೇ ಇಸ್ತ್ರಿ ಕೋಣೆಯಲ್ಲಿ ತಲೆಸುತ್ತಿ ಬಿದ್ದಳು. ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊತ್ತಿಗೆ ತಿನ್ನದಿದ್ದರೆ ಸಕ್ಕರೆ ಇಳಿದುಬಿಡುತ್ತೆ. ಮಷೀನಿನ ಗದ್ದಲ... ಅರ್ಧ ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಮೇಲೆ ಅಷ್ಟೊಂದು ಡಾಕ್ಟರು!

ಅದಕ್ಕೇ ಮಗಳು ಆ್ಯಪ್ ಮಾಡ್ತಿದಾಳೆ. ನೆಟ್ ಬೇಡ, ಸಿಮ್ ಬೇಡ. ಒಂದು ಫೋನು ಪಕ್ಕದ ಫೋನಿಗೆ ಹೇಳುತ್ತೆ, ಅದು ಅದರ ಪಕ್ಕದ್ದಕ್ಕೆ. ಕಿವಿಯಿಂದ ಕಿವಿಗೆ ಸುದ್ದಿ ದಾಟಿದ ಹಾಗೆ. ನಮ್ಮ ಐದೂ ಜನರ ಫೋನಿಗೆ ಹಾಕಿಕೊಟ್ಟಳು. ಕೆಂಪು ಗುಂಡಿ ಒತ್ತಿದರೆ ಎಲ್ಲದರಲ್ಲೂ ಕೂಗು, ಯಾವ ಕೋಣೆಯವರದು ಅಂತಾನೂ ತೋರಿಸುತ್ತೆ.

13ಕ್ಕೆ ಸೂಪರ್‌ವೈಸರ್ ಬಂದು ನೋಡ್ತಾರಂತೆ. ಆಗದಿದ್ದರೆ ಫೋನೆಲ್ಲ ಮೇಲಿನ ಲಾಕರಿಗೆ. ಆಗಬೇಕು. ಆಗಿಸ್ತೀನಿ.

ಮಾರ್ಚ್ 4, ಬುಧವಾರ
ಮನೆಯಲ್ಲಿ ಅಡುಗೆಮನೆಯಿಂದ ಹಿತ್ತಿಲಿಗೂ ಹೋಗುತ್ತೆ. ಇಲ್ಲಿ ಮಾತ್ರ ಉಹುಂ.

"ಅಮ್ಮಾ, ಗುಂಡಿ ಸರಿಯಾಗಿ ಒತ್ತಿದ್ಯಾ?"

"ಇಪ್ಪತ್ತು ವರ್ಷದಿಂದ ಡಾಕ್ಟರ ಕೋಟಿಗೆ ಗುಂಡಿ ಹಾಕ್ತಿದೀನಿ ಕಣೇ. ಒತ್ತೋಕೆ ಬರಲ್ವಾ?"

ನಗಲಿಲ್ಲ. ಗೋಡೆ ದಪ್ಪ ಇರಬೇಕು ಅಂದಳು. ಬರೆದದ್ದೆಲ್ಲ ಬಿಚ್ಚಿ ಮತ್ತೆ ಬರೀತಾಳಂತೆ.

ಮಾರ್ಚ್ 10, ಮಂಗಳವಾರ
ಇಷ್ಟು ದಿನ ಬರೆಯಲಿಲ್ಲ. ಏನಂತ ಬರೀಲಿ. ಮಗಳು ಮೂರು ಸಲ ತಿದ್ದಿದಳು, ಮೂರು ಸಲವೂ ಅದೇ ಹಣೆಬರಹ. ಕಣ್ಣು ಗುಳಿ ಬಿದ್ದಿದೆ.

"ಬಿಡೇ, ದೇವರು ನಂಗೆ ಏನು ಬರೆದಿದ್ದಾನೋ ಅದಾಗುತ್ತೆ" ಅಂದಳು ಇಸ್ತ್ರಿಯಕ್ಕ.

"ಅವನು ಬರೆದದ್ದು ಓದೋಕೆ ನಿಂಗೆ ಬರುತ್ತಾ? ಸುಮ್ನಿರು."

ಮಾರ್ಚ್ 11, ಬುಧವಾರ
ಸಿಕ್ಕಿತು!

ಬಟ್ಟೆ ಮಡಿಸೋ ಉದ್ದಕ್ಕ ಟೈಮ್ ನೋಡೋಕೆ ಅಂತ ಸ್ಟೀಲ್ ಡಬ್ಬಿ ಮುಚ್ಚಳ ತೆಗೆದಳು. ಒಳಗಿದ್ದ ಫೋನು ಟ್ರಿಣ್ ಟ್ರಿಣ್ ಟ್ರಿಣ್... ಬೆಳಗಿನಿಂದ ನಾನು ಕಳಿಸಿದ "ಕೇಳಿಸ್ತಾ" ಎಲ್ಲ ಒಟ್ಟಿಗೇ.

"ನನ್ನ ಗಂಡನೂ ಇಷ್ಟು ಸಲ ಕರೆದಿಲ್ಲಮ್ಮ!" ಅಂದಳು.

ಆವಿ ತಗಲಬಾರದು ಅಂತ ಎಲ್ಲರೂ ಫೋನನ್ನ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡ್ತೀವಿ. ಆ ಉಪಾಯ ಹೇಳಿಕೊಟ್ಟವಳು... ನಾನೇ.

ಮಗಳಿಗೆ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತಳು. "ಸ್ಟೀಲ್ ದಾಟಿ ಹೇಗಮ್ಮ ಹೋಗುತ್ತೆ? ಒಂದು ವಾರ, ಅಮ್ಮಾ!" ಆಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರೋ ಹಾಗೆ. ನಾನು ದೇವರಿಗೆ ತಪ್ಪಾಯ್ತಪ್ಪಾ ಅಂದು ಹೊಲಿಗೆ ಮಷೀನಿಗೆ ಕೂತೆ. ಹಳೇ ರೆಕ್ಸಿನ್ ಇತ್ತು. ಕೊರಳಿಗೆ ಹಾಕೋ ಚೀಲ, ಐದು.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ 11.40
ಐದು ಕೊರಳಲ್ಲಿ ಐದು ಚೀಲ. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಣ್ತೀವಿ. 12ಕ್ಕೆ ಸೂಪರ್‌ವೈಸರ್ ಇಳೀತಾರೆ. ಅಲ್ಲೀವರೆಗೆ ಯಾರೂ ಸುಮ್ಮಸುಮ್ಮನೆ ಗುಂಡಿ ಒತ್ತಬಾರದು ಅಂತ ಗದರಿಸಿದೀನಿ. ಇಸ್ತ್ರಿಯಕ್ಕ ತಿಂಡಿ ತಿಂದಿಲ್ಲ ಅಂದಳು, ಅದಕ್ಕೂ ಬೈದೆ. ಈ ನಾಲ್ಕು ಶೀಟು ಮುಗಿಸಿ ತಿಂತೀನಿ ಅಂತ ಒಳಗೆ ಹೋದಳು.

ದೇವರೇ, ಇವತ್ತೊಂದು ದಿನ—

ಎದೆ ಮೇಲೆ ಕೂಗ್ತಿದೆ. ಎಲ್ಲರದೂ. ಹನ್ನೆರಡು ಆಗಿಲ್ವಲ್ಲ ಇನ್ನೂ... ಇಸ್ತ್ರಿ ಕೋಣೆ ಅಂತ ತೋರಿಸ್ತಿದೆ. ಉದ್ದಕ್ಕ ಓಡಿದಳು. ಸಕ್ಕರೆ ಎಲ್ಲಿ, ಟೀ ಸಕ್ಕರೆ — ನಾನೂ