ಅಪ್ಪನ ಎಡೆಗೆ ಇಡಬೇಕಾದ ವಿಸ್ಕಿ

ಹಲಸೂರು, ಭಾನುವಾರ

ಪ್ರೀತಿಯ ಇಂಚರಕ್ಕ,

ಕೊನೆಯ ದಿನ ಅಪ್ಪನ ಬಾಯಿಗೆ ನಾವು ಚಮಚದಲ್ಲಿ ಹಾಕಿದ್ದು ಅವರ ಸ್ಕಾಚ್ ಅಲ್ಲ. ಎರಡು ವರ್ಷದಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ.

ತಮ್ಮ ಫ್ಯಾಕ್ಟರಿಗೆ ಬಂದಿದ್ದ ವಿದೇಶಿ ಎಂಜಿನಿಯರ್ ಕೊಟ್ಟ ಆ ಸಿಂಗಲ್ ಮಾಲ್ಟ್ ಸ್ಕಾಚನ್ನು ಅಪ್ಪ, ನಾನು ಹತ್ತನೇ ತರಗತಿ ಪಾಸಾಗುವ ದಿನ ತೆರೆಯಲೆಂದು ಎತ್ತಿಟ್ಟಿದ್ದರು. ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟ ದಿನ ನಾನೇ ಕದ್ದು ತೆರೆದೆ. ಆಸ್ಪತ್ರೆಯ ವಾಸನೆ ಹೊಡೆಯಿತು. ಲೇಬಲ್ ಮೇಲೆ ಹೆಸರೇ ಕೇಳಿರದ ಡಿಸ್ಟಿಲರಿ; ವಿಸ್ಕಿ ಕೆಟ್ಟುಹೋಗಿದೆ ಎಂದುಕೊಂಡು ಸಿಂಕಿಗೆ ಸುರಿದು, ಅದೇ ಬಾಟಲಿಗೆ ಅಗ್ಗದ ವಿಸ್ಕಿ ತುಂಬಿಸಿಟ್ಟೆ.

“ಆಸ್ಪತ್ರೆ ವಾಸ್ನೆ ಎಲ್ಲಾ ಹೋಯ್ತು ಕಣೋ, ಇನ್ನೊಂದ್ ಚಮಚ ಹಾಕು” ಎಂದರಲ್ಲ ಅಪ್ಪ ಕೊನೆಯ ದಿನ, ಆಗಲೂ ಅದನ್ನೇ ಇನ್ನೊಂದು ಚಮಚ ಹಾಕಿದೆ.

ನಿನ್ನೆ ಇಂದಿರಾನಗರದ ನಮ್ಮ ಬಾರಿಗೆ ಅದೇ ಡಿಸ್ಟಿಲರಿಯ ಬಾಟಲಿ ಬಂತು. ಮ್ಯಾನೇಜರ್ ನಮಗೆಲ್ಲ ಒಂದೊಂದು ಗುಟುಕು ರುಚಿ ತೋರಿಸಿದರು. ಅದೇ ವಾಸನೆ. ಆಮೇಲೆ ಹೊಗೆ, ಉಪ್ಪು, ಕೊನೆಗೆ ಸ್ವಲ್ಪ ಸಿಹಿ. ಕೆಟ್ಟಿರಲಿಲ್ಲ ಅಕ್ಕ, ಅದು ಇರುವುದೇ ಹಾಗೆ.

ತಿಥಿಯ ದಿನ ಷೋಕೇಸಿನ ಹಳೇ ಬಾಟಲಿಯದನ್ನು ಎಡೆಗೆ ಇಡಬೇಡ. ಮ್ಯಾನೇಜರನ್ನು ಕೇಳಿ ತಂದು ಈ ಪತ್ರದ ಜೊತೆ ಇಟ್ಟಿರುವ ಚಿಕ್ಕ ಸೀಸೆಯದನ್ನು ಅವರ ಲೋಟಕ್ಕೆ ಹಾಕು. ನೀರು ಬೆರೆಸಬೇಡ. ಪಕ್ಕದಲ್ಲಿ ಖಾರದ ಕಡಲೆಬೀಜ ಇಡು.

ಅಮ್ಮನಿಗೆ ಹೇಳುವುದು ನಿನಗೆ ಬಿಟ್ಟದ್ದು. ಗೋವಾದಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿನ್ನ ತಮ್ಮ,
ಲೋಹಿತ್